ಆಟದ ಮಂತ್ರವೂ ಅನುಭಾವದ ಮರ್ಮವೂ

ಇಂದಿನ ಮಕ್ಕಳು ಆಡುವ ಆಟಗಳಲ್ಲಿ ಮಾಂತ್ರಿಕರು, ಅರ್ಚಕರು, ದೇವತೆಗಳು, ಪ್ರೇತಗಳು ತುಂಬಿಕೊಂಡಿರುವುದನ್ನು ಕಂಡು ಪಾಲಕರು ಕಳವಳಗೊಳ್ಳುವುದು ಸಹಜ. ಇದರಿಂದ ಶ್ರದ್ಧೆ ಕೆಡುವುದೆಂದು ಭಾವಿಸುವವರು ಕೆಲವರು. ಮೂಢನಂಬಿಕೆ ಬೆಳೆಯುವುದೆಂದು ಅಂಜುವವರು ಮತ್ತೆ ಕೆಲವರು. ಕಾರಣ ಬೇರೆಯಾದರೂ ಇಬ್ಬರ ಸಲಹೆಯೂ ಒಂದೇ: ನಿಷೇಧ. ಈ ಸಲಹೆಯನ್ನು ಒಪ್ಪುವ ಮೊದಲು ನಮ್ಮ ನೆಲದ ಪರಂಪರೆಯನ್ನೊಮ್ಮೆ ವಿಚಾರಿಸುವುದು ಉಚಿತ.

ಇಂಥ ಆಟಗಳಿಗೆ ಮಾದರಿಯಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಹಾಗೂ ಡೇವ್ ಆರ್ನೆಸನ್ ಅದರ ಕರ್ತೃಗಳು. ಆಟಗಾರರು ಒಂದೆಡೆ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ ಮಾತಿನಿಂದಲೇ ಕಥೆಯನ್ನು ಬೆಳೆಸುವರು. ನಡೆಸುವವನೊಬ್ಬ ಸೂತ್ರಧಾರ; ಕಾರ್ಯ ಸಿದ್ಧಿಸಿತೋ ಇಲ್ಲವೋ ಎಂಬುದನ್ನು ದಾಳವು ನಿರ್ಣಯಿಸುವುದು. ಅಲ್ಲಿಯ ಮಾಂತ್ರಿಕನಿಗೆ ಗ್ರಂಥಾಭ್ಯಾಸದಿಂದ ಬಲ. ಅರ್ಚಕನಿಗೆ ದೇವತೆಯ ಅನುಗ್ರಹದಿಂದ ಬಲ. 1980ರ ದಶಕದಲ್ಲಿ ಆ ದೇಶದ ಕೆಲವು ಕ್ರೈಸ್ತ ಗುಂಪುಗಳು ಇದನ್ನು ಮಾಟಕ್ಕೆ ದಾರಿಯೆಂದು ವಿರೋಧಿಸಿದವು. ಆಟ ಮಾತ್ರ ನಿಲ್ಲಲಿಲ್ಲ. ಅದರ ಕ್ರಮವೇ ಗಣಕಯಂತ್ರದ ಆಟಗಳಿಗೂ ಇಳಿದು ಬಂದಿತು.

ಧಾರವಾಡ ಸೀಮೆಯವರಿಗೆ ಇದು ತೀರ ಅಪರಿಚಿತವೆನಿಸಬೇಕಾಗಿಲ್ಲ. ದೊಡ್ಡಾಟದಲ್ಲಿ ವೇಷಧಾರಿಯು ರಂಗಕ್ಕೆ ಬಂದೊಡನೆ ಸಾರಥಿಯು ಅವನ ಹೆಸರು, ಊರು, ಬಂದ ಕಾರಣಗಳನ್ನು ಕೇಳುತ್ತಾನೆ. ಒಕ್ಕಲುತನ ಮಾಡುವ ರೈತನು ಆ ಕ್ಷಣದಲ್ಲಿ ರಾಕ್ಷಸನಾಗಿಯೋ ದೇವತೆಯಾಗಿಯೋ ತನ್ನ ಪ್ರತಾಪವನ್ನು ಬಣ್ಣಿಸುತ್ತಾನೆ. ಬೆಳಗಾದ ಮೇಲೆ ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಾನೆ. ರಾಕ್ಷಸನ ಪಾತ್ರ ವಹಿಸಿದ್ದರಿಂದ ಅವನು ರಾಕ್ಷಸನಾದನೆಂದು ಊರವರಾರೂ ಹೇಳುವುದಿಲ್ಲ. ಇದಕ್ಕೆ ಭಿನ್ನವಾದುದು ಪುರವಂತರ ಸೇವೆ. ಗುಗ್ಗಳದ ಮುಂದೆ ವೀರಭದ್ರನ ಒಡಪು ಹೇಳುವ ಪುರವಂತನಿಗೆ ಅದು ಆಟವಲ್ಲ, ವ್ರತ. ಎರಡರಲ್ಲಿಯೂ ವೇಷವಿದೆ, ಆರ್ಭಟವಿದೆ. ಆದರೆ ಯಾವುದು ಆಟ, ಯಾವುದು ಆಚಾರ ಎಂಬುದನ್ನು ಅಕ್ಷರ ಕಲಿಯದ ಜನವೂ ಸ್ಪಷ್ಟವಾಗಿ ಬಲ್ಲರು. ಈ ವಿವೇಕವನ್ನು ಅವರಿಗೆ ತಂದುಕೊಟ್ಟುದು ನಿಷೇಧವಲ್ಲ, ಬಳಕೆ.

ಹಾಗಾದರೆ ಹೊಸ ಆಟಗಳಲ್ಲಿ ದೋಷವೇ ಇಲ್ಲವೆ? ಇದೆ. ಅಲ್ಲಿ ಧರ್ಮವು ಬಹುಮಟ್ಟಿಗೆ ಬಲದ ಲೆಕ್ಕವಾಗುತ್ತದೆ. ಇಷ್ಟು ಭಕ್ತಿಗೆ ಇಷ್ಟು ಶಕ್ತಿ, ಇಷ್ಟು ಮಂತ್ರಕ್ಕೆ ಇಷ್ಟು ಜಯ. ದೇವರು ಶಸ್ತ್ರಾಗಾರದ ಒಡೆಯನಂತೆ ಕಾಣುತ್ತಾನೆ. ಆದರೆ ಈ ದೋಷವನ್ನು ಮಕ್ಕಳ ಆಟಕ್ಕೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಹರಕೆ ಹೊತ್ತು ಫಲದ ದಿನವನ್ನೆಣಿಸುವ ಹಿರಿಯರೂ, ಗುರುಗಳಲ್ಲಿ ಅರಿವನ್ನು ಬಯಸದೆ ಪವಾಡವನ್ನು ಬಯಸುವ ಭಕ್ತರೂ ಇದೇ ಲೆಕ್ಕವನ್ನು ದಾಳವಿಲ್ಲದೆ ಆಡುತ್ತಿರುವರು.

ಈ ಲೆಕ್ಕಕ್ಕೆ ಕನ್ನಡದ ಉತ್ತರ ಹಳೆಯದು. 15ನೆಯ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಅದ್ಭುತಗಳಿಗೆ ಕೊರತೆಯಿಲ್ಲ. ಬನವಸಿಯಲ್ಲಿ ಅರಸುಕುವರಿಯಾಗಿ ಹುಟ್ಟಿದ ಮಾಯೆ, ಮದ್ದಳೆ ಬಾರಿಸುವ ಅಲ್ಲಮನನ್ನು ಒಲಿಸಿಕೊಳ್ಳಹೊರಟು ಸೋಲುತ್ತಾಳೆ. ಮುಂದೆ ವಜ್ರಕಾಯನಾದ ಗೋರಕ್ಷನು ಎದುರಾಗುತ್ತಾನೆ. ಅಲ್ಲಮನು ಖಡ್ಗದಿಂದ ಹೊಡೆದಾಗ ಗೋರಕ್ಷನ ದೇಹವು ಸದ್ದುಮಾಡುತ್ತದೆ, ಕತ್ತರಿಸುವುದಿಲ್ಲ. ಗೋರಕ್ಷನು ಅಲ್ಲಮನನ್ನು ಹೊಡೆದಾಗ ಖಡ್ಗವು ಬಯಲನ್ನು ಸೀಳಿದಂತೆ ಹಾಯ್ದುಹೋಗುತ್ತದೆ. ಇಲ್ಲಿ ದೊಡ್ಡ ಪವಾಡವು ಸಣ್ಣ ಪವಾಡವನ್ನು ಗೆದ್ದಿತೆಂದು ತಿಳಿದರೆ ಕಾವ್ಯವೇ ವ್ಯರ್ಥ. ದೇಹವನ್ನು ಗಟ್ಟಿಮಾಡಿಕೊಂಡವನಿಗೆ ದೇಹದ ಅಭಿಮಾನ ಉಳಿದಿತ್ತು. ಬಯಲಾದವನಿಗೆ ಕಾಪಾಡಿಕೊಳ್ಳಬೇಕಾದುದೇ ಇರಲಿಲ್ಲ. ಸಿದ್ಧಿಯು ಗಳಿಕೆ, ಅನುಭಾವವು ಕಳೆದುಕೊಳ್ಳುವಿಕೆ. ಇದನ್ನು ತಿಳಿಸಲು ಕವಿಯು ಅದ್ಭುತವನ್ನು ಬಿಡಲಿಲ್ಲ, ಅದನ್ನೇ ಬಳಸಿದನು. ಕಲ್ಪನೆಯನ್ನು ಕಲ್ಪನೆಯಿಂದಲೇ ತಿದ್ದಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಕರ್ನಾಟಕ ವಿಧಾನಮಂಡಲವು 2017ರಲ್ಲಿ ಅಮಾನವೀಯ ಆಚರಣೆ ಹಾಗೂ ವಾಮಾಚಾರಗಳನ್ನು ತಡೆಯುವ ಶಾಸನವನ್ನು ಅಂಗೀಕರಿಸಿತು. ಭಯವನ್ನು ಮಾರಿ ಬದುಕುವವರಿಗೆ ಶಾಸನ ಬೇಕು. ಆದರೆ ಶಾಸನವು ಕೈಯನ್ನು ಹಿಡಿಯಬಲ್ಲುದು. ಮನಸ್ಸಿಗೆ ವಿವೇಕವನ್ನು ಕೊಡಬೇಕಾದುದು ಶಾಲೆಯೇ.

ಆದುದರಿಂದ ಮಠಗಳ ಆಶ್ರಯದ ಶಾಲೆಗಳು ಆಟವನ್ನು ಬಹಿಷ್ಕರಿಸುವ ಬದಲು ಅದಕ್ಕೆ ಅಂಗಳವನ್ನು ಒದಗಿಸಲಿ. ವಾರ್ಷಿಕ ಸಮ್ಮೇಳನದಲ್ಲಿ ಗೋರಕ್ಷನ ಪ್ರಸಂಗವನ್ನು ದೊಡ್ಡಾಟದ ಧಾಟಿಯಲ್ಲಿ ಆಡಿಸಲಿ. ಒಮ್ಮೆ ಗೋರಕ್ಷನಾದ ಹುಡುಗನು ಮರುವರ್ಷ ಅಲ್ಲಮನಾಗಲಿ. ಸೋತವನ ಮಾತನ್ನೂ ಗೆದ್ದವನ ಮೌನವನ್ನೂ ಅವನೇ ಅರಿಯಲಿ. ಮರುದಿನ ತರಗತಿಯಲ್ಲಿ ಉಪಾಧ್ಯಾಯರು, ಖಡ್ಗ ಹಾಯ್ದುದು ನಿಜವೇ ಎಂದು ಹುಡುಗರು ಕೇಳಿದರೆ ಗದರಿಸದಿರಲಿ. ಆ ಪ್ರಶ್ನೆಯಿಂದಲೇ ಪಾಠವನ್ನಾರಂಭಿಸಲಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕಟ್ಟಡಗಳಿಗೆ ಉದಾರವಾಗಿ ಕೊಡುತ್ತ ಬಂದಿರುವರು. ಒಂದು ಜೊತೆ ಮದ್ದಳೆ-ತಾಳ, ನಾಲ್ಕು ವೇಷದ ಪೆಟ್ಟಿಗೆ, ಆಟ ಕಲಿಸುವ ಹಳ್ಳಿಯ ಮಾಸ್ತರರಿಗೆ ಮರ್ಯಾದೆಯ ಸಂಭಾವನೆ, ಇಷ್ಟಕ್ಕೆ ಅವರ ಔದಾರ್ಯದ ಒಂದು ಪಾಲು ಸಂದರೆ ಸಾಕು. ವೇಷವನ್ನು ಕಟ್ಟಲೂ ಕಳಚಲೂ ಬಲ್ಲ ಹುಡುಗನು ಮುಂದೆ ಯಾವ ಕಪಟ ಮಾಂತ್ರಿಕನಿಗೂ ಸುಲಭವಾಗಿ ಮರುಳಾಗಲಾರನು.