ಗೆದ್ದ ಮೇಲೆ ಹಾರ, ಗೆಲ್ಲುವ ಮೊದಲು?

2025ರ ಬೇಸಿಗೆಯಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್ ಹಾಕಿಗೆ 396 ತಂಡಗಳು ಹೆಸರು ಕೊಟ್ಟಿದ್ದವು. ಒಂದೊಂದು ಕೊಡವ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಒಂದೊಂದು ತಂಡ. ಅದರ ಹಿಂದಿನ ವರ್ಷ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಪಂದ್ಯಾವಳಿಯಲ್ಲಿ 360 ತಂಡಗಳಿದ್ದು, ಅದು ಗಿನ್ನೆಸ್ ದಾಖಲೆಗೆ ಸೇರಿತ್ತು. ಈ ಹಾಕಿ ನಮ್ಮೆ, ಅಂದರೆ ಹಾಕಿ ಹಬ್ಬ, ಶುರುವಾದ 1997ರಲ್ಲಿ ಕರಡ ಗ್ರಾಮದಲ್ಲಿ ಆಡಿದ್ದು 60 ಕುಟುಂಬಗಳು. ಅದನ್ನು ಆರಂಭಿಸಿದ ಪಾಂಡಂಡ ಕುಟ್ಟಪ್ಪ ಮಂತ್ರಿಯಲ್ಲ, ಉದ್ಯಮಿಯಲ್ಲ. ಬ್ಯಾಂಕ್ ನೌಕರಿಯಲ್ಲಿದ್ದವರು, ಹಾಕಿ ಅಂಪೈರಿಂಗ್ ಬಲ್ಲವರು. ಚದುರಿಹೋದ ಕುಟುಂಬಗಳು ವರ್ಷಕ್ಕೊಮ್ಮೆಯಾದರೂ ಒಂದು ಕಡೆ ಸೇರಲಿ ಎಂಬುದಷ್ಟೇ ಅವರ ಆಸೆಯಾಗಿತ್ತು.

ಆ ಮೈದಾನದ ಪಕ್ಕ ಒಂದು ಮಧ್ಯಾಹ್ನ ನಿಂತು ನೋಡಬೇಕು. ಐವತ್ತು ದಾಟಿದ ಅಪ್ಪ ಡಿಫೆನ್ಸಿನಲ್ಲಿ ಏದುಸಿರು ಬಿಡುತ್ತಿರುತ್ತಾರೆ. ಕಾಲೇಜಿಗೆ ಹೋಗುವ ಮಗಳು ಮುಂದೆ ಚೆಂಡಿಗೆ ಓಡುತ್ತಿರುತ್ತಾಳೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಚಿಕ್ಕಪ್ಪನ ಮಗ ಗೋಲಿನಲ್ಲಿ ಪ್ಯಾಡ್ ಕಟ್ಟಿಕೊಂಡು ನಿಂತಿರುತ್ತಾನೆ. ಆಸ್ತಿ ಪಾಲಿನ ವಿಚಾರಕ್ಕೆ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರೂ ಒಂದೇ ಬಣ್ಣದ ಅಂಗಿ ತೊಟ್ಟ ಮೇಲೆ ಚೆಂಡು ಪಾಸ್ ಮಾಡದೆ ಗತಿಯಿಲ್ಲ. ಬಹುಪಾಲು ತಂಡಗಳು ಮೊದಲ ಪಂದ್ಯದಲ್ಲೋ ಎರಡನೆಯದರಲ್ಲೋ ಸೋತು ಮನೆಗೆ ಹೋಗುತ್ತವೆ. ಹೋಗುವವರ ಮುಖದಲ್ಲಿ ಸೋತ ಕಳೆ ಇರುವುದಿಲ್ಲ. ಮುಂದಿನ ವರ್ಷ ಮತ್ತೆ ಬರುತ್ತಾರೆ.

ಕ್ರೀಡೆಯಿಂದ ಸಮಾಜಕ್ಕೇನು ಲಾಭ ಎಂದು ಕೇಳುವವರಿಗೆ ನಾನು ತೋರಿಸುವುದು ಇದನ್ನೇ. ಪದಕದ ಮಾತು ಆಮೇಲಿನದು. ಆಟ ಅಂದರೆ ಟಿ.ವಿ.ಯಲ್ಲಿ ಯಾರೋ ಆಡುವುದು, ನಾವು ಸೋಫಾದ ಮೇಲೆ ಕೂತು ಬೈಯುವುದು ಎಂದಾಗಿರುವ ಈ ಕಾಲದಲ್ಲಿ, ಒಂದು ಪುಟ್ಟ ಜಿಲ್ಲೆಯ ಸಾವಿರಾರು ಸಾಮಾನ್ಯರು ತಾವೇ ಸ್ಟಿಕ್ ಹಿಡಿದು ಅಂಗಳಕ್ಕಿಳಿಯುತ್ತಾರೆ. ಖರ್ಚು, ಊಟ, ವಸತಿ, ಮೈದಾನದ ಸಿದ್ಧತೆ ಎಲ್ಲದರ ಹೊಣೆಯನ್ನೂ ಆಯಾ ವರ್ಷ ಕಪ್ ನಡೆಸುವ ಕುಟುಂಬವೇ ಹೊರುತ್ತದೆ. ಸರ್ಕಾರದ ನೆರವು ಸಿಕ್ಕರೂ ಆಟ ಜನರದ್ದಾಗಿಯೇ ಉಳಿದಿದೆ.

ಕೊಡಗಿನ ನೆಲ ದೇಶಕ್ಕೆ ಕೊಟ್ಟ ಹಾಕಿ ಆಟಗಾರರ ಪಟ್ಟಿಯೂ ಸಣ್ಣದಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಇದ್ದರು. ಮರುವರ್ಷ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತಕ್ಕೆ ಗಣೇಶ್ ನಾಯಕರು. 1980ರ ಮಾಸ್ಕೋ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ. ಆಮೇಲೆ ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ, ಎಸ್.ವಿ. ಸುನಿಲ್ ಹೀಗೆ ಕೊಡಗಿನವರೇ ನಾಲ್ವರಿದ್ದರು.

ರಿಯೊ ನಂತರದ ಒಲಿಂಪಿಕ್ಸ್ ಟೋಕಿಯೊದಲ್ಲಿ ನಡೆಯಿತು. 41 ವರ್ಷಗಳ ನಂತರ ಭಾರತ ಹಾಕಿಯಲ್ಲಿ ಪದಕ ಗೆದ್ದಿತು, ಇಡೀ ದೇಶ ಕುಣಿಯಿತು. ಆ ತಂಡದಲ್ಲಿ ಕೊಡಗಿನ ಒಬ್ಬ ಆಟಗಾರನೂ ಇರಲಿಲ್ಲ. 2024ರ ಪ್ಯಾರಿಸ್‌ನಲ್ಲಿ ಮತ್ತೆ ಕಂಚು ಬಂತು, ಆಗಲೂ ಇರಲಿಲ್ಲ.

ಒಂದು ಕಡೆ ತಂಡಗಳ ಸಂಖ್ಯೆ 60ರಿಂದ 396ಕ್ಕೆ ಏರಿದೆ. ಇನ್ನೊಂದು ಕಡೆ ದೇಶದ ಒಲಿಂಪಿಕ್ಸ್ ತಂಡದಲ್ಲಿ ನಮ್ಮವರ ಸಂಖ್ಯೆ ಸೊನ್ನೆಗೆ ಇಳಿದಿದೆ. ಇದನ್ನು ನೋಡಿ ಹಾಕಿ ನಮ್ಮೆ ಬರೀ ಜಾತ್ರೆಯಾಯಿತು ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಜನರನ್ನು ಮೈದಾನಕ್ಕೆ ತರುವುದು ಸಮಾಜದ ಕೆಲಸ, ಅದನ್ನು ಕೊಡಗು ಮಾಡಿದೆ. ಮೈದಾನಕ್ಕೆ ಬಂದ ಚುರುಕಾದ ಹುಡುಗನನ್ನೋ ಹುಡುಗಿಯನ್ನೋ ಕೈಹಿಡಿದು ಮುಂದಕ್ಕೆ ಕರೆದೊಯ್ಯಬೇಕಾದವರು ಬೇರೆ.

ಆ ದಾರಿಯ ಮೊದಲ ತೊಡಕು ನೆಲದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಹುಲ್ಲಿನಿಂದ ಕೃತಕ ಟರ್ಫಿಗೆ ಬಂತು. 1928ರಿಂದ ಒಂದು ಒಲಿಂಪಿಕ್ಸ್‌ನಲ್ಲೂ ಬರಿಗೈಲಿ ಮರಳದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಕುಸಿಯಿತು. ಹುಲ್ಲಿನ ಮೇಲೆ ಚೆಂಡು ನಿಧಾನಕ್ಕೆ ಬರುತ್ತದೆ, ಪುಟಿಯುತ್ತದೆ. ಅದನ್ನು ಮಣಿಕಟ್ಟಿನ ಚಳಕದಲ್ಲಿ ಪಳಗಿಸಬೇಕು. ಟರ್ಫಿನ ಮೇಲೆ ಚೆಂಡಿನ ವೇಗವೇ ಬೇರೆ, ಓಟದ ಲೆಕ್ಕವೇ ಬೇರೆ. ಹದಿನಾರು ವರ್ಷದವರೆಗೆ ಹುಲ್ಲಿನ ಮೇಲೆ ಆಡಿದ ಮಗು ಟರ್ಫಿಗೆ ಬಂದಾಗ ಅರ್ಧ ಆಟವನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಒಡಿಶಾದ ಸುಂದರ್‌ಗಢ ಜಿಲ್ಲೆಯ ಹಳ್ಳಿಗಳಲ್ಲೂ ಮಕ್ಕಳು ಮಣ್ಣಿನ ಮೇಲೇ ಆಡುತ್ತಾರೆ, ಗೆದ್ದ ತಂಡಕ್ಕೆ ಆಡು ಬಹುಮಾನ ಕೊಡುವ ಪಂದ್ಯಾವಳಿಗಳು ಅಲ್ಲಿ ಇಂದಿಗೂ ಇವೆ. ಆದರೆ ಅಲ್ಲಿಂದ ರೂರ್ಕೆಲಾದ ಪಾನ್‌ಪೋಷ್ ಕ್ರೀಡಾ ಹಾಸ್ಟೆಲ್‌ಗೆ ದಾರಿಯಿದೆ, ಬೆನ್ನಿಗೆ ರಾಜ್ಯ ಸರ್ಕಾರ ನಿಂತಿದೆ. ಬೀರೇಂದ್ರ ಲಾಕ್ರಾ, ಅಮಿತ್ ರೋಹಿದಾಸ್ ಆ ಜಿಲ್ಲೆಯ ಹುಡುಗರು. ಟೋಕಿಯೊ ಪದಕ ಅವರ ಕೊರಳಲ್ಲಿದೆ.

ನಮ್ಮಲ್ಲಿ ಏನೂ ಇಲ್ಲವೆಂದರೆ ತಪ್ಪಾದೀತು. ಕೂಡಿಗೆಯಲ್ಲಿ ಕ್ರೀಡಾ ಶಾಲೆಯಿದೆ, ಪೊನ್ನಂಪೇಟೆಯಲ್ಲಿ ಹಾಸ್ಟೆಲ್ ಇದೆ. ನನ್ನ ಚಿಂತೆ ಎರಡನೆಯ ತೊಡಕಿನದು, ಅಲ್ಲಿಂದ ಹೊರಬಿದ್ದ ಮೇಲಿನ ಕಥೆಯದು. ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಮನೆಯಲ್ಲಿ ಒಂದೇ ಪ್ರಶ್ನೆ: ಮುಂದೇನು ಮಾಡ್ತೀಯ? ಗಣೇಶ್ ಅವರ ಕಾಲದಲ್ಲಿ ಆ ಪ್ರಶ್ನೆಗೆ ಉತ್ತರವಿತ್ತು. ಸೇನೆ ಅವರನ್ನು ಸೇರಿಸಿಕೊಂಡಿತು. ಸೋಮಯ್ಯ ಅವರಿಗೆ ಭಾರತ್ ಪೆಟ್ರೋಲಿಯಂನಲ್ಲಿ ಕೆಲಸವಿತ್ತು. ಬೆಂಗಳೂರಿನ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬ್ಯಾಂಕುಗಳು, ರೈಲ್ವೆ ಇವೆಲ್ಲ ಆಟಗಾರರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದ ಕಾಲವದು. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಆಫೀಸು, ತಿಂಗಳ ಕೊನೆಗೆ ಸಂಬಳ. ದೇಶದ ತಂಡಕ್ಕೆ ಆಯ್ಕೆಯಾಗದಿದ್ದರೂ ಕಂಪನಿ ತಂಡದಲ್ಲಿ ಆಡಿಕೊಂಡು, ಮದುವೆಯಾಗಿ, ಮನೆ ಕಟ್ಟಿ, ಗೌರವವಾಗಿ ನಿವೃತ್ತರಾದವರು ಎಷ್ಟೋ ಮಂದಿ. ಸ್ಟಾರ್‌ಗಳು ಹುಟ್ಟಿದ್ದು ಇಂಥ ನೂರಾರು ಸಾಮಾನ್ಯ ಆಟಗಾರರ ನಡುವೆಯೇ. ಆ ಕಾರ್ಖಾನೆಗಳಲ್ಲಿ ಕೆಲವು ಬಾಗಿಲು ಹಾಕಿದವು, ಉಳಿದ ಕಡೆ ಕ್ರೀಡಾ ನೇಮಕಾತಿ ಸೊರಗಿತು. ಹಾಗಾಗಿ ಇವತ್ತು ಕಾಫಿ ಬೆಳೆಗಾರರ ಮಗನೇ ಆಗಲಿ, ತೋಟದ ಕಾರ್ಮಿಕರ ಮಗಳೇ ಆಗಲಿ, ಹತ್ತೊಂಬತ್ತಕ್ಕೆ ಸ್ಟಿಕ್ ಮೂಲೆಗಿಟ್ಟು ಬೆಂಗಳೂರಿನ ಬಸ್ ಹತ್ತುವುದರಲ್ಲಿ ಆಶ್ಚರ್ಯವಿಲ್ಲ.

ಒಲಿಂಪಿಕ್ ಪದಕ ಗೆದ್ದವರಿಗೆ ಸರ್ಕಾರಗಳು ಕೋಟಿಗಟ್ಟಲೆ ಬಹುಮಾನ ಘೋಷಿಸುತ್ತವೆ. ಕೊಡಲಿ, ಅದು ಅವರ ಬೆವರಿನ ಫಲ. ಆದರೆ ಗೆದ್ದವರಿಗೆ ಹಾರ ಹಾಕಲು ಜನ ತಾವಾಗಿಯೇ ಸಾಲುಗಟ್ಟುತ್ತಾರೆ. ಗೆಲ್ಲುವ ಮೊದಲಿನ ಆ ನಾಲ್ಕೈದು ವರ್ಷ, ಫಲ ಸಿಕ್ಕೀತೋ ಇಲ್ಲವೋ ತಿಳಿಯದ ದಿನಗಳಲ್ಲಿ, ಹುಡುಗನಿಗೆ ಬೇಕಾದದ್ದು ಅನ್ನದ ಭರವಸೆ.

ಇನ್ನೊಂದು ಮಾತನ್ನು ಪ್ರೀತಿಯಿಂದಲೇ ಹೇಳಬೇಕು. ಸುನಿಲ್ ಸೋಮವಾರಪೇಟೆಯವರು, ಬಡಗಿಯ ಮಗ. ಸ್ಟಿಕ್ ಕೊಳ್ಳಲು ಹಣವಿಲ್ಲದೆ ಬಿದಿರಿನ ಕೋಲಿನಲ್ಲಿ ಆಟ ಕಲಿತವರು. ಮುಂದೆ ಅವರು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು, 2017ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಕೊಡವ ಕುಟುಂಬದಲ್ಲಿ ಹುಟ್ಟದ ಅವರಿಗೂ ಕೊಡಗಿನ ಗಾಳಿಯಲ್ಲಿದ್ದ ಹಾಕಿಯೇ ಗುರುವಾಯಿತು. ಒಕ್ಕಗಳ ಪಂದ್ಯಾವಳಿ ಒಕ್ಕಗಳದ್ದೇ ಆಗಿರಲಿ, ಅದರ ಚೆಲುವಿರುವುದೇ ಅಲ್ಲಿ. ಆದರೆ ಆ ತಿಂಗಳಿಡೀ ಬೇಲಿಯ ಆಚೆ ನಿಂತು ಕಣ್ಣರಳಿಸಿ ನೋಡುವ ತೋಟದ ಲೈನ್ ಮನೆಯ ಮಕ್ಕಳಲ್ಲಿ, ಆದಿವಾಸಿ ಹಾಡಿಯ ಮಕ್ಕಳಲ್ಲಿ ಇನ್ನೊಬ್ಬ ಸುನಿಲ್ ಇಲ್ಲವೆಂದು ಯಾರು ಹೇಳಬಲ್ಲರು?

ಮುಂದೆ ಕಪ್ ನಡೆಸಲಿರುವ ಕುಟುಂಬಗಳಲ್ಲಿ ನನ್ನದೊಂದು ಕೋರಿಕೆ. ಅದೇ ಮೈದಾನದಲ್ಲಿ, ಅದೇ ಜನಸಂದಣಿಯ ಮುಂದೆ, ಜಿಲ್ಲೆಯ ಎಲ್ಲ ಸರ್ಕಾರಿ ಶಾಲೆಗಳ ಮಕ್ಕಳಿಗೆ ಎರಡು ದಿನ ಬಿಟ್ಟುಕೊಡಿ. ಹಳೆಯ ಒಲಿಂಪಿಯನ್ನರು ಹೇಗೂ ಅಲ್ಲಿಗೆ ಬಂದೇ ಬರುತ್ತಾರೆ, ಆಡುವ ಮಕ್ಕಳನ್ನು ಅವರೇ ನೋಡಿ ಆರಿಸಲಿ. ಇನ್ನು ರಾಜ್ಯ ಸರ್ಕಾರ, ನಮ್ಮ ನೆಲ ನೀರು ಬಳಸುವ ದೊಡ್ಡ ಕಂಪನಿಗಳು ಮತ್ತು ಬ್ಯಾಂಕುಗಳು ಪ್ರತಿ ವರ್ಷ ಕೆಲವಾದರೂ ಹುದ್ದೆಗಳನ್ನು ಪದಕ ಗೆದ್ದವರಿಗೆ ಮಾತ್ರವಲ್ಲ, ರಾಜ್ಯಮಟ್ಟದಲ್ಲಿ ಆಡುತ್ತಿರುವ ಹತ್ತೊಂಬತ್ತು ಇಪ್ಪತ್ತರ ಮಕ್ಕಳಿಗೂ ಮೀಸಲಿಡಬೇಕು. ಅದಕ್ಕೆ ಹೊಸ ಕ್ರೀಡಾಂಗಣ ಕಟ್ಟಬೇಕಿಲ್ಲ, ನೇಮಕಾತಿ ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಸಾಕು.