'ಬರೀ ನೀರುಗುಳ್ಳೆ' ಅಲ್ಲ

ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲೊಂದು ಗಂಟು. ನೋವಿಲ್ಲ. ಸೂಜಿ ಹಾಕಿ ಎಳೆದರೆ ನೀರು ಬಂತು, ಗಂಟು ಇಳಿಯಿತು. ಮುಂಬಯಿಯಲ್ಲಾದರೆ ರಿಪೋರ್ಟು ಇಂಗ್ಲಿಷಿನಲ್ಲಿ, ಡಾಕ್ಟರ ವಿವರಣೆ ಹಿಂದಿಯಲ್ಲಿ. ಊರಿಗೆ ಫೋನ್ ಮಾಡುವಷ್ಟರಲ್ಲಿ 'ಸಿಸ್ಟಿಕ್' ಎಂಬುದು 'ಬರೀ ನೀರುಗುಳ್ಳೆಯಂತೆ' ಆಗಿರುತ್ತದೆ. ಆ 'ಬರೀ'ಯೇ ಅಪಾಯದ್ದು.

ಲಾಲಾಗ್ರಂಥಿಯ ಗಡ್ಡೆಯೊಳಗೂ ನೀರು ತುಂಬುತ್ತದೆ. ಗಡ್ಡೆಯ ಜೀವಕೋಶಗಳೇ ದ್ರವ ಸ್ರವಿಸಬಹುದು. ರಕ್ತ ಸಾಲದೆ ಒಳಭಾಗ ಸತ್ತು ಕರಗಲೂಬಹುದು. ಅಮೆರಿಕದ ಆಲ್ಡ್ರೆಡ್ ವಾರ್ತಿನ್ 1929ರಲ್ಲಿ ವಿವರಿಸಿದ, ಧೂಮಪಾನಿಗಳಲ್ಲೇ ಹೆಚ್ಚಾಗಿ ಕಾಣುವ ವಾರ್ತಿನ್ ಗಡ್ಡೆಯಲ್ಲಿ ಇದು ಮಾಮೂಲು. ಎಲ್ಲಕ್ಕಿಂತ ಹೆಚ್ಚು ಕಾಣಸಿಗುವ ಪ್ಲಿಯೊಮಾರ್ಫಿಕ್ ಅಡಿನೋಮಾದಲ್ಲೂ ಆಗುವುದುಂಟು. ಇವೆರಡೂ ಕ್ಯಾನ್ಸರ್ ಅಲ್ಲ. ಆದರೆ ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾ ಎಂಬ ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರಬಹುದು.

ತೆಗೆದ ನೀರಿನಲ್ಲಿ ಜೀವಕೋಶಗಳು ಕಡಿಮೆ ಇದ್ದರೆ ಸೂಜಿ ಪರೀಕ್ಷೆ ದಾರಿ ತಪ್ಪಿಸುತ್ತದೆ. ಅದಕ್ಕೇ ಅಲ್ಟ್ರಾಸೌಂಡ್ ನೋಡಿಕೊಂಡು, ಉಳಿದ ಗಟ್ಟಿ ಭಾಗದಿಂದ ಮತ್ತೆ ಮಾದರಿ ತೆಗೆಯಬೇಕಾಗುತ್ತದೆ.

'ಬಿನೈನ್' ಪದಕ್ಕೆ 'ನಿರಪಾಯಕಾರಿ' ಎನ್ನುವ ಅನುವಾದವೂ ಅರ್ಧ ಸುಳ್ಳು. ಪ್ಲಿಯೊಮಾರ್ಫಿಕ್ ಅಡಿನೋಮಾವನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. 'ಕ್ಯಾನ್ಸರ್ ಅಲ್ಲದ, ನೀರು ತುಂಬಿದ ಗಡ್ಡೆ' ಎಂದರೆ ಪದ ಉದ್ದವಾದೀತು. ಗಡ್ಡೆಯೆಂಬ ಮಾತಂತೂ ಮರೆಯಾಗದು. ಹಾಗೆ ಕೇಳಿಸಿಕೊಂಡವರು ಮುಂದಿನ ಪ್ರಶ್ನೆಯನ್ನೂ ಕೇಳುತ್ತಾರೆ: ನೀರು ತೆಗೆದ ಮೇಲೆ ಒಳಗೆ ಏನು ಉಳಿದಿದೆ, ಡಾಕ್ಟ್ರೇ?