ಹಲಗಿ ಯಾರದು, ಹಾಡು ಯಾರ ಪಾಲು?

ಪಂಕ್ ರಾಕ್ ಅಂದ ಕೂಡಲೇ ನಮ್ಮ ಪಂಡಿತರು ಮೂಗು ಮುರಿಯುತ್ತಾರೆ. 'ಅದು ಪರದೇಶದ ಪುಂಡರ ಗದ್ದಲ, ನಮಗ್ಯಾಕ್ರೀ ಅದು?' ಬೆಂಗಳೂರಿನ ಪಬ್ಬಿನಲ್ಲಿ ರಮೋನ್ಸ್ ಹೆಸರಿನ ಟೀಶರ್ಟು ತೊಟ್ಟು ಕುಣಿಯುವವರದು ಇನ್ನೊಂದು ಮಾತು: 'ಬಂಡಾಯದ ಸಂಗೀತ ಹುಟ್ಟಿದ್ದೇ ನ್ಯೂಯಾರ್ಕ್, ಲಂಡನ್ನಿನಲ್ಲಿ. ಇಲ್ಲೇನಿತ್ತು?' ಇಬ್ಬರೂ ಒಂದೇ ಚಕ್ಕಡಿಯ ಎರಡು ಗಾಲಿಗಳು. ಇಬ್ಬರಿಗೂ ಹಲಗಿಯ ಸದ್ದು ಕೇಳಿಸುವುದಿಲ್ಲ.

ಮೊದಲು ಆ ಗದ್ದಲದ ಕುಲ ಕೇಳೋಣ. ಕಂಡಕಂಡಲ್ಲಿ ನಮ್ಮ ಕುಲ ಕೇಳಿದ ದೇಶ ಇದು, ನಾವು ಕೇಳಲಿಕ್ಕೆ ನಾಚಿಕೆ ಯಾಕೆ?

1974ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಹುಡುಗರು ರಮೋನ್ಸ್ ತಂಡ ಕಟ್ಟಿದರು. ಎರಡು ನಿಮಿಷದ ಹಾಡು, ಗಿಟಾರಿನ ಮೇಲೆ ಬೆರಳಿನ ಮೂರೇ ಹಿಡಿತ, ಬಿರುಗಾಳಿಯ ವೇಗ. 1975ರಲ್ಲಿ ಲಂಡನ್ನಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಬಂತು. ಮರುವರ್ಷದ ಹೊತ್ತಿಗೆ ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಮೀರಿ ಜನರಿಗೆ ಕೆಲಸವಿರಲಿಲ್ಲ. 1977ರಲ್ಲಿ ರಾಣಿಯ ಆಳಿಕೆಯ 25ನೇ ವರ್ಷದ ಮೆರವಣಿಗೆ ನಡೆದಿದ್ದಾಗಲೇ ಈ ಹುಡುಗರು ರಾಣಿಯನ್ನು ಅಣಕಿಸಿ ಹಾಡಿದರು. ಬಿಬಿಸಿ ಆ ಹಾಡನ್ನು ಬಹಿಷ್ಕರಿಸಿತು. ಬಹಿಷ್ಕಾರ! ಆ ಶಬ್ದದ ಅರ್ಥ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಇದು ಗಿಡದ ತುದಿ. ಬೇರು ಎಲ್ಲಿದೆ? ಬೇರು ಕರಿಯರ ಕಂಠದಲ್ಲಿದೆ. 'ಹೌಂಡ್ ಡಾಗ್' ಹಾಡನ್ನು ಮೊದಲು ಗರ್ಜಿಸಿದವಳು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕರಿಯ ಹೆಣ್ಣುಮಗಳು, 1952ರಲ್ಲಿ. 1956ರಲ್ಲಿ ಅದನ್ನೇ ಹಾಡಿ ದೊರೆಯಾದವನು ಬಿಳಿಯ ಎಲ್ವಿಸ್ ಪ್ರೀಸ್ಲಿ. ಚಕ್ ಬೆರಿಯ ಗಿಟಾರು ಇಲ್ಲದಿದ್ದರೆ ರಾಕ್ ಎಲ್ಲಿ, ಪಂಕ್ ಎಲ್ಲಿ? ಡೆಟ್ರಾಯಿಟ್ ಊರಿನ ಮೂವರು ಕರಿಯ ಅಣ್ಣತಮ್ಮಂದಿರು 'ಡೆತ್' ಎಂಬ ತಂಡ ಕಟ್ಟಿ 1975ರಲ್ಲೇ ಇಂಥ ಹಾಡು ಮುದ್ರಿಸಿದ್ದರು. ಕಂಪನಿಯವರು ಹೆಸರು ಬದಲಿಸಿಕೊಳ್ಳಿ ಅಂದರು. ಬದಲಿಸಲಿಲ್ಲ. ಆ ಹಾಡುಗಳ ಆಲ್ಬಂ ಹೊರಬಿದ್ದದ್ದು 2009ರಲ್ಲಿ! ಅಷ್ಟೊತ್ತಿಗೆ ಪಂಕ್ ಚರಿತ್ರೆ ಬರೆದು ಮುಗಿದಿತ್ತು, ಬಿಳಿಯರ ಹೆಸರಿನಲ್ಲಿ.

ಲಂಡನ್ನಿನ ಕ್ಲಾಶ್ ತಂಡ ಜಮೈಕಾದ ರೆಗೆಯಿಂದ ಉಸಿರು ಪಡೆಯಿತು. 1976ರಲ್ಲಿ ಶುರುವಾದ 'ರಾಕ್ ಎಗೇನ್‌ಸ್ಟ್ ರೇಸಿಸಂ' ಚಳವಳಿ 1978ರ ಏಪ್ರಿಲ್ 30ರಂದು ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕಿನವರೆಗೆ ನಡೆದಾಗ ಬಿಳಿಯರ ಪಂಕ್, ಕರಿಯರ ರೆಗೆ ಒಂದೇ ವೇದಿಕೆಗೆ ಬಂದವು. ಕೊಂಬೆಗಳೂ ಹಾಗೇ ಒಡೆದವು. ಹಾರ್ಡ್‌ಕೋರ್ ಎಂಬ ಕವಲನ್ನು ಕಟ್ಟಿದವರಲ್ಲಿ ವಾಷಿಂಗ್ಟನ್ನಿನ ಕರಿಯ ತಂಡ ಬ್ಯಾಡ್ ಬ್ರೈನ್ಸ್ ಮುಂದೆ ಇತ್ತು. ಕರಿಯರು ಬಿಳಿಯರು ಕೂಡಿ ನುಡಿಸಿದ 'ಟೂ ಟೋನ್' ಇಂಗ್ಲೆಂಡಿನ ಕೊವೆಂಟ್ರಿಯಿಂದ ಬಂತು. ತೊಂಬತ್ತರ ದಶಕದಲ್ಲಿ ಅಮೆರಿಕದ ಹೆಣ್ಣುಮಕ್ಕಳು 'ರಾಯಟ್ ಗರ್ಲ್' ಅಂತ ಎದ್ದು ಗಂಡಸರ ಕೈಯ ಮೈಕು ಕಸಿದರು.

ಪಂಕ್ ಎಂಬುದು ಬೈಗುಳ. ಕೆಲಸಕ್ಕೆ ಬಾರದವ, ಪುಂಡ ಅಂತ ಅರ್ಥ. ಬೈಸಿಕೊಂಡವರೇ ಅದನ್ನು ಹೆಸರು ಮಾಡಿಕೊಂಡರು. ಅದೇ 1975ರಲ್ಲಿ ನಮ್ಮ ಸಿದ್ಧಲಿಂಗಯ್ಯನವರು ಪುಸ್ತಕದ ಮುಖಪುಟದ ಮೇಲೆಯೇ 'ಹೊಲೆಮಾದಿಗರ ಹಾಡು' ಅಂತ ಬರೆದರು. ಯಾರನ್ನು ನೋಡಿ ಯಾರು ಬರೆದರು? ಯಾರೂ ಯಾರನ್ನೂ ನೋಡಲಿಲ್ಲ. ತುಳಿತದ ಕಾಲು ಒಂದೇ ಆದಾಗ ಚೀರುವ ದನಿಯೂ ಒಂದೇ ಆಗುತ್ತದೆ. 1976ರಲ್ಲಿ ಲಂಡನ್ನಿನ ಬ್ಯಾಂಕ್ ಗುಮಾಸ್ತನೊಬ್ಬ ತಾನೇ ಟೈಪು ಮಾಡಿ 'ಸ್ನಿಫಿನ್ ಗ್ಲೂ' ಎಂಬ ಪಂಕ್ ಪತ್ರಿಕೆ ಹೊರಡಿಸಿದ. ಜೇಬಿನ ರೊಕ್ಕ ಹಾಕಿ ಕೈಯಿಂದ ಕೈಗೆ ಮುಟ್ಟಿಸುವ ಈ ನಮ್ಮ ಹಾಳೆಗಳಿಗೆ ಅವನು ದೂರದ ನೆಂಟನಲ್ಲವೇ?

ಇನ್ನು 'ಇಲ್ಲೇನಿತ್ತು' ಅಂದವರಿಗೆ ಉತ್ತರ. ಹಿರೇಕೆರೂರು ತಾಲೂಕಿನ ಅಬಲೂರಿಗೆ ಹೋಗ್ರಿ. ಸರ್ವಜ್ಞನ ನೆಲ ಅದು. ರಮೋನ್ಸ್ ಹುಡುಗರಿಗೆ ಮೂರು ಹಿಡಿತ, ಅವನಿಗೆ ಮೂರೇ ಸಾಲು. ಶಿಗ್ಗಾಂವಿ ತಾಲೂಕಿನ ಬಾಡಕ್ಕೆ ಹೋಗ್ರಿ. ಅಲ್ಲಿನ ಕನಕ 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಯನ್ನು ಅಕ್ಕಿಯ ಎದುರು ನಿಲ್ಲಿಸಿ ವಾದ ಮಾಡಿಸಿದ. ಅದೇ ತಾಲೂಕಿನ ಶಿಶುವಿನಹಾಳದ ಷರೀಫರು (1819–1889) ಸಾಬರ ಮಗನಾಗಿ ಬ್ರಾಹ್ಮಣ ಗುರುವಿನ ಕೈ ಹಿಡಿದು ಎರಡೂ ಕಡೆಯವರಿಂದ ಉಗಿಸಿಕೊಂಡರು. ಕೋಳಿ ಕೋಡಗವನ್ನು ನುಂಗುವ ಲೋಕ ತೋರಿಸಿದರು. ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿ ಹುಟ್ಟಿದ ಕುಲಕ್ಕೆ ಅಂಟಿದ ಅವಮಾನ ನುಂಗಿಕೊಂಡೇ ಬೆಳೆದರು. ಹೆಣ್ಣು ಹೀಗೆ ಹಾಡಬೇಕು ಎಂಬ ನಯವನ್ನು ಅವರ ಗಡಸು ಕಂಠ ಒಡೆದು ಹಾಕಿತು.

ಇವರು ಪಂಕ್ ಹಾಡಿದರು ಅಂತ ನಾನು ಹೇಳುತ್ತಿಲ್ಲ. ಯಾರ ಅಪ್ಪಣೆಗೂ ಕಾಯದ ದನಿ ಈ ಮಣ್ಣಿಗೆ ಹೊಸದಲ್ಲ ಅಂತ ಹೇಳುತ್ತಿದ್ದೇನೆ.

ಆದರೆ ಪಂಕ್‌ಗೆ ಬಂದ ಗತಿಯೇ ಈ ದನಿಗೂ ಬಂತು. ಸೆಕ್ಸ್ ಪಿಸ್ಟಲ್ಸನ್ನು ಇಎಂಐ ಕಂಪನಿ ಕೊಂಡಿತು, ಹೆದರಿ ಬಿಟ್ಟಿತು. ಎ ಆ್ಯಂಡ್ ಎಂ ಕೊಂಡಿತು, ಬಿಟ್ಟಿತು. ಕೊನೆಗೆ ವರ್ಜಿನ್ ಕೊಂಡು ಮಾರಿತು. ಹರಿದ ಅಂಗಿಗೆ ಹಾಕಿದ ಪಿನ್ನು ಅಂಗಡಿಯ ಫ್ಯಾಷನ್ ಆಯಿತು. ಇತ್ತ ಷರೀಫರು ಅಶ್ವಥ್ ಅವರ ಕಂಠದಿಂದ, 1990ರ ನಾಗಾಭರಣರ ಸಿನೆಮಾದಿಂದ ಮನೆಮನೆಗೆ ಬಂದರು. ರಘು ದೀಕ್ಷಿತ್ ಗಿಟಾರಿನ ಮೇಲೆ ಗುಡುಗುಡಿ ಸೇದಿಸಿದರು. ಬರಲಿ, ಬೇಡ ಅನ್ನೋದಿಲ್ಲ. ಆದರೆ ಸನ್ಮಾನದ ವೇದಿಕೆಯಲ್ಲಿ ಅದೇ ಹಾಡಿಗೆ ತಲೆದೂಗಿದ ದೊಡ್ಡವರು ಊರಿಗೆ ಮರಳಿ ಯಾರನ್ನು ಗುಡಿಯ ಒಳಗೆ ಬಿಟ್ಟರು? ಮುಳ್ಳು ಕಿತ್ತ ಮೀನು ಎಲ್ಲರ ಗಂಟಲಲ್ಲೂ ಇಳಿಯುತ್ತದೆ.

ಸವಣೂರನ್ನು ನೆನೆಯಿರಿ. ಜಿ.ಜಿ. ಆ್ಯಲಿನ್ ಎಂಬ ಅಮೆರಿಕದ ಪಂಕ್ ಹಾಡುಗಾರ ವೇದಿಕೆಯ ಮೇಲೆ ಮೈಗೆ ಹೇಲು ಬಳಿದುಕೊಂಡು ಜನರನ್ನು ಬೆಚ್ಚಿಬೀಳಿಸುತ್ತಿದ್ದ. ಅವನು ಸತ್ತದ್ದು 1993ರಲ್ಲಿ. ಅದೇ ವರ್ಷ ಈ ದೇಶ ಮಲ ಹೊರಿಸುವುದನ್ನು ನಿಷೇಧಿಸುವ ಕಾನೂನು ಮಾಡಿತು. 2010ರ ಜುಲೈಯಲ್ಲಿ ಸವಣೂರಿನ ಭಂಗಿ ಸಮುದಾಯದವರು ತಾವಿದ್ದ ಜಾಗದಿಂದ ಎಬ್ಬಿಸುವುದರ ವಿರುದ್ಧ ಪುರಸಭೆಯ ಎದುರು ನಿಂತು ಮೈಮೇಲೆ ಮಲ ಸುರಿದುಕೊಂಡರು. ಅವನಿಗೆ ಅದು ಆಟ, ಟಿಕೇಟು ಇತ್ತು. ಇವರಿಗೆ ಅದು ಹೊಟ್ಟೆಪಾಡು, ಹೊರಿಸಿದವರಿಗೆ ತಿರುಗಿ ತೋರಿಸಿದ ಕನ್ನಡಿ. ಬೆಚ್ಚಿಬೀಳಿಸುವ ಕಲೆಯನ್ನು ನಮಗೆ ಕಲಿಸಲು ಬರುವವರು ಸವಣೂರಿನ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲಲಿ.

ನಮ್ಮ ಮನೆಯಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಓದಿದ ಒಂದು ಕಾಲೇಜಿನ ಉತ್ಸವದಲ್ಲಿ ಗಿಟಾರಿನವರಿಗೆ ವೇದಿಕೆ, ದೀಪ, ಹಾರ. ನಮ್ಮ ಓಣಿಯ ಹಲಗಿಯವರಿಗೆ ಗೇಟು! ಅತಿಥಿಗಳ ಕಾರು ಬಂದಾಗ ಬಡಿಯಬೇಕು, ಒಳಗೆ ಬರಬಾರದು. ಹೆಣದ ಮುಂದೆ, ತೇರಿನ ಮುಂದೆ, ಕಾಮಣ್ಣನ ಮುಂದೆ ಬಡಿದವರಿಗೆ ಮೈಕಿನ ಮುಂದೆ ಜಾಗವಿಲ್ಲ. ತೊಗಲು ಬಿಗಿದವನಿಗೆ ಹೊಲೆ, ತಾಳ ಕದ್ದವನಿಗೆ 'ಫ್ಯೂಷನ್' ಅಂತ ಬಿರುದು.

2017ರಲ್ಲಿ ಪಾ. ರಂಜಿತ್ ಮುಂದಾಗಿ ಚೆನ್ನೈನಲ್ಲಿ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡ ಕಟ್ಟಿಸಿದರು. ಕೇರಿಯ ಗಾನಾ, ರಾಕ್, ರ‍್ಯಾಪ್ ಒಂದಾಗಿ ಅಂಬೇಡ್ಕರರ ಹೆಸರು ಹಿಡಿದು ಹಾಡಿದವು. ಹಾಡಿದವರು ತಾವೇ, ವೇದಿಕೆಯೂ ತಮ್ಮದೇ. ದಾರಿ ಅದು.

ಆದ್ದರಿಂದ ಗೆಳೆಯರೇ, ಗಿಟಾರು ಬೇಡ ಅನ್ನಬೇಡಿ. ತನ್ನಿ, ಕಲಿಯಿರಿ, ಮೂರು ಹಿಡಿತ ಸಾಕು. ಆದರೆ ಪಕ್ಕದಲ್ಲಿ ಹಲಗಿಯವನು ನಿಲ್ಲಲಿ. ಭಿತ್ತಿಪತ್ರದಲ್ಲಿ ಅವನ ಹೆಸರು ಇರಲಿ, ಗಿಟಾರಿನವನಷ್ಟೇ ಸಂಭಾವನೆ ಅವನ ಕೈ ಸೇರಲಿ. ಅಷ್ಟು ಮಾಡದ ಯಾವ ಸಂಗೀತವೂ, ಅದು ಲಂಡನ್ನಿನದಿರಲಿ ಶಿಶುವಿನಹಾಳದ್ದಿರಲಿ, ಬಂಡಾಯ ಅನ್ನಿಸಿಕೊಳ್ಳಲಾರದು.